ಖಾಲಿ ಫೋಲ್ಡರಿನ ಸಾಹೇಬ

ಮೊನ್ನೆ ಐಮಂಗಲದಿಂದ ನಮ್ಮ ಮನೆಗೆ ಬಂದ ತಂಗಿ, ಹಿರಿಯೂರು ಬಸ್‌ಸ್ಟ್ಯಾಂಡಿನಲ್ಲಿ ಮಂಡಕ್ಕಿ ಮಿರ್ಚಿ ಕಟ್ಟಿಸಿಕೊಂಡು ಬಂದಿದ್ದಳು. ಪೊಟ್ಟಣ ಬಿಚ್ಚಿದರೆ ಎರಡೂ ಅಂಚಿಗೆ ಸಾಲಾಗಿ ತೂತಿದ್ದ ಹಳೇ ಪ್ರಿಂಟರ್ ಕಾಗದ. ಮಿರ್ಚಿಯ ಬಿಸಿಗೆ ಅದರ ಮಸಿ ವಾಸನೆ ಮೂಗಿಗೆ ಬಡಿಯಿತು. ಕೈಗೆತ್ತಿಕೊಂಡ ಮಿರ್ಚಿಯನ್ನು ಹಾಗೇ ಕೆಳಗಿಟ್ಟೆ. ಆ ವಾಸನೆ ಅಂದರೆ ನನಗೆ ಚಿತ್ರದುರ್ಗದ ಸಾಹೇಬನೇ... ಅವನಿಗೆ ಬಹುವಚನ ಕೊಡಲು ಇವತ್ತಿಗೂ ನನ್ನ ನಾಲಿಗೆ ಹೊರಳುವುದಿಲ್ಲ. ಎದುರಿಗೆ ನಿಂತು ಸಾರ್ ಸಾರ್ ಅಂದಿದ್ದೇ ಸಾಕಾಗಿದೆ.

ನಾನಾಗ ಹಿರಿಯೂರಿನ ಒಂದು ಖಾಸಗಿ ಕಾಲೇಜಿನಲ್ಲಿ ಕಂಪ್ಯೂಟರ್ ಆಪರೇಟರ್. ಅದೇ ಆಡಳಿತದ ಕಾಲೇಜುಗಳು ಹೊಸದುರ್ಗದಲ್ಲೂ ಹೊಳಲ್ಕೆರೆಯಲ್ಲೂ ಇದ್ದವು. ಎಲ್ಲರ ಹಾಲ್ ಟಿಕೆಟ್ಟೂ ಹುಟ್ಟುತ್ತಿದ್ದದ್ದು ಚಿತ್ರದುರ್ಗದ ಹೆಡ್ ಆಫೀಸಿನ ಒಂದೇ ಒಂದು ಹಳೇ ಮಿಷಿನ್ನಿನಲ್ಲಿ. ಅದರ ಯಜಮಾನ ಇವನು. ಊರಿಗೆಲ್ಲ ಹೊಸ ಕಂಪ್ಯೂಟರ್ ಬಂದರೂ ಇವನು ಅದನ್ನು ಬಿಡಲಿಲ್ಲ. ಬಿಟ್ಟಿದ್ದರೆ ಇವನನ್ನು ಕೇಳೋರು ಯಾರು?

ಕೆಲಸದ ರೀತಿ ಹೀಗಿತ್ತು. ನಾನು ಹಿರಿಯೂರಿನಲ್ಲಿ ಕೂತು ಹುಡುಗರ ಹೆಸರಿದ್ದ ಫೈಲನ್ನು ದುರ್ಗದ ಮಿಷಿನ್ನಿನ ಫೋಲ್ಡರಿಗೆ ಕಳಿಸಿ, ಇದನ್ನು ನಡೆಸು ಅಂತ ಒಂದು ಆಜ್ಞೆ ಕೊಡಬೇಕು. ಮಿಷಿನ್ನು ಫೈಲುಗಳನ್ನೆಲ್ಲ ಸಾಲಿನಲ್ಲಿ ನಿಲ್ಲಿಸಿಕೊಂಡು, ತನಗೆ ಪುರುಸೊತ್ತಾದಾಗ ನಡೆಸಿ, ಮುಗಿದ ಮೇಲೆ ತಾನೇ ಅಳಿಸಿಬಿಡುತ್ತಿತ್ತು. ಬಂತು, ಆಯಿತು, ಇಲ್ಲಿ ತಪ್ಪಿದೆ... ಊಹೂಂ, ಅಲ್ಲಿಂದ ಒಂದು ಮಾತೂ ವಾಪಸ್ ಬರುತ್ತಿರಲಿಲ್ಲ. ಸಾಹೇಬನೂ ಹಾಗೇ. ಫೋನ್ ಮಾಡಿ ಕೇಳಿದರೆ, "ಫೋಲ್ಡರ್ ನೋಡ್ಕಳಲೇ. ಖಾಲಿ ಐತಾ? ಹಂಗಾರೆ ಕೆಲಸ ಆಗೈತೆ. ತಲೆ ತಿನ್ಬ್ಯಾಡ," ಅಂತ ಫೋನ್ ಕುಕ್ಕುತ್ತಿದ್ದ. ಮೂರೂ ಊರಿನ ಆಪರೇಟರುಗಳು ಅದನ್ನೇ ನಂಬಿಕೊಂಡಿದ್ದೆವು. ಖಾಲಿ ಅಂದರೆ ಆಯಿತು ಅಂತ.

ತಂಗಿ ನಮ್ಮ ಕಾಲೇಜಿನಲ್ಲೇ ಓದುತ್ತಿದ್ದವಳು. ಡಿಗ್ರಿಯ ಕೊನೆಯ ಪರೀಕ್ಷೆ ಬಾಕಿ ಇರುವಾಗಲೇ ಐಮಂಗಲಕ್ಕೆ ಮದುವೆ ಮಾಡಿಕೊಟ್ಟಿದ್ದೆವು. ಅವಳ ಅತ್ತೆ ತಿಂಗಳುಗಟ್ಟಲೆ ಸತಾಯಿಸಿ, "ಇದೊಂದು ಸಲ ಬರ್ಕಳ್ಲಿ. ಆಮ್ಯಾಕೆ ಕಾಲೇಜು ಗೀಲೇಜು ಅಂತ ಉಸಿರೆತ್ತಂಗಿಲ್ಲ," ಅಂತ ಒಪ್ಪಿದ್ದರು. ಅಷ್ಟು ಹೊತ್ತಿಗೆ ಉಳಿದವರ ಹೆಸರೆಲ್ಲ ಹೋಗಿ ಆಗಿತ್ತು. ಪ್ರಿನ್ಸಿಪಾಲರ ಕೈಕಾಲು ಹಿಡಿದು, ಆಯುಧಪೂಜೆಯ ಹಿಂದಿನ ದಿನ ಅವಳೊಬ್ಬಳದೇ ಒಂದು ಫೈಲು ಮಾಡಿ ಕಳಿಸಿದೆ. ಸಂಜೆ ನೋಡಿದರೆ ಫೋಲ್ಡರ್ ಖಾಲಿ. ಖುಷಿಯಲ್ಲಿ ತಂಗಿಗೆ ಫೋನ್ ಮಾಡಿ, ಆಯ್ತು ಕಣಮ್ಮ, ಓದ್ಕ ಅಂದೆ.

ಹಬ್ಬ ಕಳೆದು ದುರ್ಗದಿಂದ ಹಾಲ್ ಟಿಕೆಟ್ಟಿನ ಕಟ್ಟು ಬಂತು. ಎಲ್ಲರದೂ ಇತ್ತು, ಅವಳದಿರಲಿಲ್ಲ. ಸಿಕ್ಕಿದ ಬಸ್ಸು ಹತ್ತಿ ಹೋದೆ. ಮಿಷಿನ್ನಿನ ಹಣೆಗೆ ಮೂರು ಬೆರಳು ವಿಭೂತಿ, ಕೊರಳಿಗೆ ಬಾಡಿದ ಚೆಂಡುಹೂವಿನ ಹಾರ ಇನ್ನೂ ಹಾಗೇ ಇತ್ತು. "ನಿನ್ನ ಫೈಲೇ ಬಂದಿಲ್ಲ ಕಣಪ್ಪ. ಬಂದಿದ್ರೆ ಮಿಷಿನ್ ಬಿಡ್ತಿತ್ತಾ?" ಅಂದ ಸಾಹೇಬ. ತಲೆ ಎತ್ತಿಯೂ ನೋಡಲಿಲ್ಲ.

ನಿಜ ಗೊತ್ತಾಗಿದ್ದು ಹೊರಗೆ ಟೀ ಲೋಟ ತೊಳೆಯುತ್ತಿದ್ದ ಆಯಾಳಿಂದ. "ಪೂಜೆ ಹಿಂದಿನ್ ದಿನ ಸಾಹೇಬ್ರು ಅದ್ರಾಗಿರೋದೆಲ್ಲ ಅಳಿಸಿ ಖಾಲಿ ಮಾಡ್ತಾರ್ರಿ. ಎಂಜಲು ಇಟ್ಕಂಡು ಪೂಜೆ ಮಾಡ್ಬಾರ್ದಂತೆ," ಅಂದಳು. ಜನ ಲಾರಿ ತೊಳೆಯುವ ಹಾಗೆ ಇವನು ಮಿಷಿನ್ನನ್ನು ಹೊರಗೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಒಳಗೆ ಸಾಲಿನಲ್ಲಿ ಕಾಯುತ್ತಿದ್ದ ಫೈಲನ್ನೂ ಒರೆಸಿ ಹಾಕಿದ್ದ! ನನ್ನ ತಂಗಿಯ ಹೆಸರು ಇವನಿಗೆ ಎಂಜಲು.

ಒಳಗೆ ಹೋಗಿ ಮುಖದ ಮೇಲೇ ಕೇಳಿದೆ. ಹೆಸರು ಕಳಿಸುವ ಗಡುವು ಮುಗಿದಿತ್ತು. ಫೈಲು ಗಡುವಿನೊಳಗೇ ಬಂದಿತ್ತು ಅಂತ ಅವನು ಒಂದು ಸಾಲು ಬರೆದು ಸಹಿ ಹಾಕಿದ್ದರೆ ಹೊಸ ಹಾಲ್ ಟಿಕೆಟ್ ತೆಗೆಯಬಹುದಿತ್ತು. ಅಷ್ಟನ್ನೇ ಬೇಡಿಕೊಂಡೆ. "ಒಂದು ಹುಡುಗಿ ಸಲುವಾಗಿ ನಾನು ತಪ್ಪೊಪ್ಪಿಗೆ ಬರ್ಕೊಡ್ಲೇನಲೇ? ಮುಂದಿನ ವರ್ಷ ಬರೀಲಿ ಬಿಡು," ಅಂದ. ಯಾವ ಹುಡುಗಿ, ಹೆಸರೇನು ಅಂತಲೂ ಕೇಳಲಿಲ್ಲ. ಆಮೇಲೆ ತೂತಿನಂಚಿನ ಕಾಗದದ ಚೂರಿನಲ್ಲಿ ಒಂದು ಹಿಡಿ ಮಂಡಕ್ಕಿ, ಒಣಗಿದ ಕೊಬ್ಬರಿ ಚೂರು ಇಟ್ಟು, "ತಗಳಪ್ಪ, ಪೂಜೆ ಪ್ರಸಾದ," ಅಂತ ಚಾಚಿದ. ಪ್ರಸಾದ ಅಂದಮೇಲೆ ಬೇಡ ಅನ್ನಲಾಗದೆ ಎರಡೂ ಕೈಯೊಡ್ಡಿ ತಗೊಂಡೆ. ನನ್ನ ಕೈಗಿಷ್ಟು ಬೆಂಕಿ ಹಾಕ!

ಆಡಳಿತದವರ ಹತ್ತಿರ ಹೋದರೆ, ವಯಸ್ಸಾದೋರು, ಹೋಗ್ಲಿ ಬಿಡ್ರಿ ಅಂದರು. ಪರೀಕ್ಷೆಯ ದಿನ ತಂಗಿ ಪೆನ್ನು, ಸ್ಕೇಲು ಹಿಡಿದುಕೊಂಡು ಬಂದೇಬಿಟ್ಟಳು. ಯಾರಾದರೂ ಒಳಗೆ ಬಿಡಬಹುದು ಅಂತ ಆಸೆ. ಬೆಲ್ ಹೊಡೆದು ಗೇಟ್ ಹಾಕಿದರು. ಅವಳು ಹೊರಗಿನ ಕಟ್ಟೆಯ ಮೇಲೆ ಪರೀಕ್ಷೆ ಮುಗಿಯೋವರೆಗೂ ಕೂತಿದ್ದು, ಎಲ್ಲರ ಜೊತೆ ಎದ್ದು ಹೋದಳು. ಅತ್ತೆಯ ಲೆಕ್ಕದಲ್ಲಿ ಆ ಒಂದು ಸಲ ಅಲ್ಲಿಗೆ ಮುಗಿದಿತ್ತು. ಮುಂದಿನ ವರ್ಷ ಅನ್ನೋದು ಅವಳಿಗೆ ಬರಲೇ ಇಲ್ಲ...

ಸಾಹೇಬ ಶಾಲು ಹೊದ್ದು, ಹಾರ ಹಾಕಿಸಿಕೊಂಡು ರಿಟೈರ್ ಆದ. ಮಿಷಿನ್ನು ಗುಜರಿಗೆ ಹೋಯಿತು, ಕಾಗದದ ರಾಶಿ ತೂಕಕ್ಕೆ ಹೋಯಿತು. ಹೋದ ತಿಂಗಳು ಅವನೂ ಹೋದನಂತೆ. ಸುದ್ದಿ ಕೇಳಿ ಅಯ್ಯೋ ಅನ್ನಿಸಲಿಲ್ಲ.

ನಾನು ತಿನ್ನದೆ ಕೂತದ್ದು ನೋಡಿ ತಂಗಿ ಪೊಟ್ಟಣ ತನ್ನ ಕಡೆ ಎಳೆದುಕೊಂಡಳು. ಕಾಗದದ ತೂತುಗಳ ಮೇಲೆ ಬೆರಳಾಡಿಸಿದಳು.

"ದುರ್ಗದೋನು ತೀರ್ಕಂಡನಂತೆ," ಅಂದೆ.

"ಮಣ್ಣಿಗೆ ಹೋಗಿದ್ಯಾ?"

"ನಾನ್ಯಾಕೆ ಹೋಗ್ಲಿ ಆ ಹಾಳಾದೋನ ಮಣ್ಣಿಗೆ?"

ಅಷ್ಟು ವರ್ಷದಲ್ಲಿ ಅವಳು ಒಂದು ದಿನವೂ ಅವನನ್ನು ಬೈದವಳಲ್ಲ. ನಾನು ಬೈಯುವಾಗ ಎದ್ದು ಒಳಗೆ ಹೋಗುತ್ತಿದ್ದಳು. ಮರೆತಿದ್ದಾಳೆ ಅಂದುಕೊಂಡಿದ್ದೆ.

"ಅವನು ಇದ್ದಾಗ್ಲೇ ನನ್ನ ಒಂದ್ಸಲ ಕರ್ಕಂಡು ಹೋಗ್ಬೇಕಿತ್ತಣ್ಣ," ಅಂದಳು. "ಎದುರಿಗೆ ನಿಂತು, ನೀನು ಅಳಿಸಿದ್ದು ನನ್ನೇ ಕಣಯ್ಯ, ನನ್ನ ಹೆಸರು ಇದು ಅಂತ ಹೇಳ್ಬೇಕಿತ್ತು. ಇನ್ನು ಹೇಳಾಣ ಅಂದ್ರೂ ಯಾರಿಗೆ ಹೇಳಾಣ?"