ಕ್ಯಾಮೆರಾ ನೋಡಿದ ಅಜ್ಜಿ

ಗೆಳೆಯರೇ, ಈ ಬೆಳಿಗ್ಗೆ ಗುಂಡ್ಲುಪೇಟೆಯ ನನ್ನ ಸ್ಟುಡಿಯೋಗೆ ಬೇಗೂರಿನ ಅಜ್ಜಿಯೊಬ್ಬರು, ನಾನೇ ಮಾಡಿಕೊಟ್ಟಿದ್ದ ಮೊಮ್ಮಗಳ ಮದುವೆಯ ಸಿಡಿ ಹಿಡಿದು ಬಂದರು. "ಇದ್ರಲ್ಲಿ ನಾನೆಲ್ಲಪ್ಪ?"

ಎಡಿಟಿಂಗ್ ಕಲಿಸುವ ವೆಬ್‌ಸೈಟೊಂದರಲ್ಲಿ ಓದಿದ್ದೆ, ಕ್ಯಾಮೆರಾವನ್ನೇ ದಿಟ್ಟಿಸುವವರ ದೃಶ್ಯಗಳನ್ನು ಕತ್ತರಿಸಬೇಕು ಅಂತ. ಅಜ್ಜಿಯೋ, ಮದುವೆಯಲ್ಲಿ ಫೋಟೋಗೆ ನಿಂತ ಹಾಗೆ ಅಲುಗಾಡದೆ ಕ್ಯಾಮೆರಾವನ್ನೇ ನೋಡುತ್ತ ನಿಂತಿದ್ದರು. ಕತ್ತರಿಸಿದ್ದೆ.

"ಕ್ಯಾಮೆರಾ ನೋಡಬಾರದಂತೆ ಅಜ್ಜಿ" ಅಂದೆ.

"ನಿನ್ ಕ್ಯಾಮ್ರಾನ ಯಾರ್ಲಾ ನೋಡುದ್ರು? ನಮ್ ಕೂಸು ಗಂಡನ್ ಮನೇಲಿ ಸಿಡಿ ಆಕ್ದಾಗ ಅವ್ಳನ್ನ ನೋಡ್ತಾ ಇರನ ಅಂತ ನಿಂತಿದ್ದೆ ಕಣಪ್ಪ. ತೆಗ್ದುಬುಟ್ಟಿದ್ದೀಯಲ್ಲ!"

ಅಲ್ಲೇ ಕೂತು ಮತ್ತೆ ಸೇರಿಸಿದೆ. ಮಾನಿಟರಿನಲ್ಲಿ ತನ್ನನ್ನು ಕಂಡದ್ದೇ ತಡ, ಅಜ್ಜಿ ಸೆರಗು ಸರಿಮಾಡಿಕೊಂಡು ಪುನಃ ಅಲುಗಾಡದೆ ನಿಂತುಬಿಟ್ಟರು.

ಪಾಪ, ಆ ಪಾಠ ಬರೆದವನ ಮದುವೆಗೆ ಅವನ ಅಜ್ಜಿ ಬಂದಿರಲಿಲ್ಲವೇನೋ.