ಪ್ರಾರ್ಥನೆ ಒಪ್ಪಿಸಿದವರಿಗೆ ರಿಯಾಯಿತಿ

ಕನ್ನಡಕದಂಗಡಿಯ ಆ ಹೆಂಗಸಿಗೆ ಕರುಣೆಯೆಂಬುದಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಎಂಥ ಕಲ್ಲಿನೊಳಗೂ ಒಂದು ಒರತೆ ಇದ್ದೇ ಇರುತ್ತದೆಂದು ಅಗೆಯುತ್ತ ಕೂರುವ ಓದುಗರಿದ್ದಾರೆ; ಅವರ ಶ್ರಮ ಉಳಿಯಲಿ. ವರ್ಷಗಟ್ಟಲೆ ಜನರ ಕಣ್ಣುಗಳನ್ನೇ ನೋಡುವ ಕೆಲಸ ಮಾಡಿಯೂ ಅವಳು ಒಬ್ಬರ ಮುಖವನ್ನೂ ನೆನಪಿಟ್ಟುಕೊಳ್ಳಲಿಲ್ಲ. ಯಾರು ಎಲ್ಲಿ ತಡವರಿಸಿದರು ಎಂಬುದನ್ನು ಮಾತ್ರ ಮರೆಯಲಿಲ್ಲ. ಪಕ್ಕದ ಮಳಿಗೆಯಲ್ಲಿ ಚಪ್ಪಲಿ ರಿಪೇರಿ ಮಾಡುವವನು ಅವಳಿಗೆ ‘ಒರೆಗಲ್ಲು’ ಎಂದು ಹೆಸರಿಟ್ಟಿದ್ದ. ಬೀದಿಯಲ್ಲಿ ಎಲ್ಲರೂ ಅವಳನ್ನು ಹಾಗೆಯೇ ಕರೆಯುತ್ತಿದ್ದರು, ಬೆನ್ನ ಹಿಂದೆ.

ಅಂಗಡಿ ಬಹಳ ಕಿರಿದು. ಎರಡೂ ಗೋಡೆಗೆ ಕನ್ನಡಿ, ನಡುವೆ ಗಾಜಿನ ಮೇಜು, ಮೇಜಿನ ಮೇಲೆ ಬಗ್ಗಿದ ಕತ್ತಿನ ದೀಪ. ಗಿರಾಕಿ ಕೂರುವುದಕ್ಕೆ ಬೆನ್ನಿಲ್ಲದ ಒಂದು ಎತ್ತರದ ಸ್ಟೂಲು. ಅದರ ಮೇಲೆ ಕೂತರೆ ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಎಂಥ ದೊಡ್ಡ ಮನುಷ್ಯನೂ ಅಲ್ಲಿ ಪಾಠ ಒಪ್ಪಿಸಲು ಬಂದ ಮಗುವಿನಂತೆ ಕಾಣುತ್ತಿದ್ದ.

ಯಜಮಾನರು ದೈವಭಕ್ತರು, ವ್ಯಾಪಾರದಲ್ಲೂ ಗಟ್ಟಿಗರು. ಒಂದು ದಿನ ಕಿಟಕಿಗೆ ಬೋರ್ಡು ಹಾಕಿಸಿದರು: ‘ಬೆಳಗಿನ ಪ್ರಾರ್ಥನೆ ಬಲ್ಲವರಿಗೆ ಬೆಲೆಯಲ್ಲಿ ಕಾಲುಭಾಗ ರಿಯಾಯಿತಿ.’ ಪ್ರಾರ್ಥನೆಯೆಂದರೆ ಅವರ ಮತದ ಪ್ರಾರ್ಥನೆ, ಹನ್ನೆರಡು ಸಾಲು. ಬೀದಿಯಲ್ಲಿ ಬೇರೆ ದೇವರನ್ನು ನಂಬುವವರಿದ್ದರು, ಯಾವುದನ್ನೂ ನಂಬದವರೂ ಇದ್ದರು. ಅಂಥ ಒಬ್ಬ ವಕೀಲರು ಬೋರ್ಡು ನೋಡಿ ಒಳಗೆ ಬಂದರು.

“ಏನ್ರೀ ಇದು, ದೇವರಿಗೂ ಕಮಿಷನ್ನಾ? ಪ್ರಾರ್ಥನೆ ಮಾಡದೆ ಇರೋನು ಜಾಸ್ತಿ ದುಡ್ಡು ಕೊಡಬೇಕಾ?”

“ಜಾಸ್ತಿ ಯಾರು ಕೇಳಿದ್ರು ವಕೀಲರೇ? ನಿಮಗೆ ಇರೋ ಬೆಲೆ. ಅವರಿಗೆ ನಾನು ನನ್ನ ಕೈಯಿಂದ ಬಿಟ್ಟುಕೊಡೋದು. ನನ್ನ ಅಂಗಡಿ, ನನ್ನ ಲಾಭ, ನನ್ನ ದೇವರು.”

“ಬೀದಿಗೆ ಬಾಗಿಲು ತೆಗೆದಮೇಲೆ ಅಂಗಡಿ ನಿಮ್ಮೊಬ್ಬರದೇ ಅಲ್ಲ ಸ್ವಾಮಿ.”

“ಹಾಗಾದ್ರೆ ಬಾಡಿಗೆ ನೀವೂ ಸ್ವಲ್ಪ ಕೊಡಿ.”

ವಕೀಲರು ದಾವೆ ಹೂಡುತ್ತೇನೆಂದರು. ಹೂಡಲಿಲ್ಲ. ಪೂರ್ತಿ ಬೆಲೆ ಕೊಟ್ಟು ಕನ್ನಡಕ ಮಾಡಿಸಿಕೊಂಡು ಹೋದರು.

ರಿಯಾಯಿತಿ ಯಾರಿಗೆ ಸಲ್ಲುತ್ತದೆಂದು ತೀರ್ಮಾನಿಸುವ ಕೆಲಸ ಒರೆಗಲ್ಲಿನದು. ಆ ಕೆಲಸ ಅವಳಿಗೆ ಅಳತೆ ತೆಗೆದು ಹೊಲಿಸಿದ ಅಂಗಿಯಂತೆ ಕೂತಿತು. ಅರವತ್ತು ವರ್ಷ ದಿನಾ ಬೆಳಿಗ್ಗೆ ಪ್ರಾರ್ಥನೆ ಹೇಳಿದ ಮುದುಕಿಯೊಬ್ಬಳು ಸ್ಟೂಲು ಹತ್ತಿದ ಗಾಬರಿಯಲ್ಲಿ ಒಂದು ಸಾಲು ಬಿಟ್ಟಳು. “ಏಳನೇದು ನುಂಗಿಬಿಟ್ರಿ ಅಜ್ಜಿ. ಕಲಿತುಕೊಂಡು ಮುಂದಿನ ತಿಂಗಳು ಬನ್ನಿ,” ಎಂದಳು. ಬೇರೆ ಮತದ ಲಾರಿ ಚಾಲಕನೊಬ್ಬ ನಗುನಗುತ್ತ ಕೇಳಿದ: “ನಮ್ಮ ಪ್ರಾರ್ಥನೆ ಹೇಳ್ಲಾ ಅಕ್ಕಾ? ಅದೂ ಬೆಳಗಿಂದೇ.”

“ಅದನ್ನ ನಿಮ್ಮವರ ಅಂಗಡೀಲಿ ಹೇಳಿ.”

“ನಮ್ಮವರದ್ದು ಕನ್ನಡಕದಂಗಡಿ ಇಲ್ವಲ್ಲ.”

“ಹಾಗಾದ್ರೆ ಪೂರ್ತಿ ಬೆಲೆ.”

ಅವನ ನಗು ಇಳಿದುಹೋಗುವುದನ್ನು ಅವಳು ಕೊನೆಯವರೆಗೂ ನೋಡಿದಳು.

ಯಜಮಾನರಿಗೆ ಇನ್ನೊಂದು ಉಪಾಯ ಹೊಳೆಯಿತು. ಕಣ್ಣು ಪರೀಕ್ಷೆಗೆ ಕೈಯಲ್ಲಿ ಹಿಡಿದು ಓದುವ ಒಂದು ರಟ್ಟಿರುತ್ತದೆ. ಅದರಲ್ಲಿ ಅಕ್ಷರಗಳು ಮೇಲಿನಿಂದ ಕೆಳಕ್ಕೆ ಸಣ್ಣದಾಗುತ್ತ ಹೋಗುತ್ತವೆ. ಗಿರಾಕಿ ಕೊನೆಯ ಸಾಲು ಓದುವವರೆಗೂ ಗಾಜು ಬದಲಾಯಿಸುತ್ತ ಹೋಗುವುದು, ಓದಿದ ಗಾಜಿನ ಪವರನ್ನು ಬರೆದುಕೊಳ್ಳುವುದು. ಆ ರಟ್ಟಿನ ಮೇಲೆ ಪ್ರಾರ್ಥನೆಯನ್ನೇ ಅಚ್ಚು ಹಾಕಿಸಿಬಿಟ್ಟರೆ? ಕಣ್ಣಿನ ಪರೀಕ್ಷೆ, ಭಕ್ತಿಯ ಪರೀಕ್ಷೆ ಎರಡೂ ಒಟ್ಟಿಗೇ ಮುಗಿಯುತ್ತವೆ. ಹಾಗೆಯೇ ಮಾಡಿಸಿದರು.

ಪ್ರಾರ್ಥನೆ ಬಾಯಿಗೆ ಬರುವವನು ಓದಬೇಕಾಗಿಯೇ ಇಲ್ಲ ಎಂಬುದು ಅವರ ತಲೆಗೆ ಹೊಳೆಯಲಿಲ್ಲ. ಭಕ್ತರು ಸ್ಟೂಲು ಹತ್ತಿ, ಮೊದಲನೇ ಗಾಜಿಗೇ ಹನ್ನೆರಡು ಸಾಲನ್ನೂ ಸರಾಗವಾಗಿ ಹೇಳಿ, ರಿಯಾಯಿತಿಯ ಜೊತೆಗೆ ಎಲ್ಲಕ್ಕಿಂತ ಕಡಿಮೆ ಪವರಿನ ಕನ್ನಡಕ ಪಡೆದು ಹೋಗುತ್ತಿದ್ದರು. ನಂಬದವರು ಅಕ್ಷರ ಅಕ್ಷರ ಕೂಡಿಸಿ ಓದಿ, ಪೂರ್ತಿ ಬೆಲೆ ಕೊಟ್ಟು, ಚೆನ್ನಾಗಿ ಕಾಣುವ ಕನ್ನಡಕ ಒಯ್ಯುತ್ತಿದ್ದರು. ಒರೆಗಲ್ಲಿಗೆ ಇದು ಮೊದಲ ವಾರವೇ ಗೊತ್ತಾಯಿತು. ಯಜಮಾನರಿಗೆ ಹೇಳಲಿಲ್ಲ. ಅವಳಿಗೆ ಅದೊಂದು ಮನರಂಜನೆಯಾಗಿತ್ತು.

ನಿವೃತ್ತ ಮೇಷ್ಟ್ರೊಬ್ಬರು ಕನ್ನಡಕ ವಾಪಸು ತಂದರು. “ಪೇಪರಲ್ಲಿ ದಪ್ಪಕ್ಷರ ಬಿಟ್ಟು ಏನೂ ಕಾಣಿಸ್ತಿಲ್ಲಮ್ಮ.”

“ಮೊನ್ನೆ ಕೊನೇ ಸಾಲಿನ ತನಕ ಓದಿದ್ರಲ್ಲ ಮೇಷ್ಟ್ರೇ. ಆವತ್ತು ಸುಳ್ಳು ಹೇಳಿದ್ರೋ, ಇವತ್ತು ಹೇಳ್ತಿದ್ದೀರೋ?”

ದೇವರ ಹೆಸರಿನಲ್ಲಿ ರಿಯಾಯಿತಿ ಪಡೆದವರು, ಓದಲಿಲ್ಲ, ಒಪ್ಪಿಸಿದೆ ಎಂದು ಹೇಗೆ ಹೇಳಿಯಾರು? ಬಾಯಿ ಮುಚ್ಚಿಕೊಂಡು ಅದೇ ಕನ್ನಡಕದಲ್ಲಿ ತಡಕಾಡುತ್ತ ಬದುಕಿದರು.

ಒರೆಗಲ್ಲಿಗೆ ಒಬ್ಬಳು ತಂಗಿ. ಔಷಧಿ ಕಾರ್ಖಾನೆಯಲ್ಲಿ ಕೆಲಸ. ತುಂಬಿದ ಸೀಸೆಗಳನ್ನು ಒಂದೊಂದಾಗಿ ದೀಪದ ಮುಂದೆ ಹಿಡಿದು, ಒಳಗೆ ಕಸವೋ ಎಳೆಯೋ ಇದೆಯೇ ಎಂದು ನೋಡಿ ಬೇರೆ ಮಾಡುವುದು. ಗಂಡನಿಲ್ಲದ ಮನೆ ಆ ದೀಪದ ಮುಂದಿನ ಕುರ್ಚಿಯ ಮೇಲೆ ನಿಂತಿತ್ತು. ವಯಸ್ಸಾಗುತ್ತ ಕಣ್ಣು ಮಂಜಾಯಿತು, ಎಳೆಯಿದ್ದ ಒಂದು ಸೀಸೆ ಅವಳ ಕೈದಾಟಿ ಹೋಯಿತು. ಮೇಲ್ವಿಚಾರಕ ಒಂದೇ ಮಾತು ಹೇಳಿದ: “ಕನ್ನಡಕ ಹಾಕ್ಕೊಂಡು ಬಾ. ಸೋಮವಾರ ಪರೀಕ್ಷೆ. ಪಾಸಾದ್ರೆ ಕುರ್ಚಿ, ಇಲ್ದಿದ್ರೆ ಸೀಸೆ ತೊಳೆಯೋ ಕೋಣೆ.” ತೊಳೆಯುವ ಕೋಣೆಯೆಂದರೆ ದಿನವಿಡೀ ಒದ್ದೆ ನೆಲ, ಅರ್ಧ ಸಂಬಳ.

ತಂಗಿ ಅಕ್ಕನ ಅಂಗಡಿಗೆ ಬಂದಳು. ಇಬ್ಬರಿಗೂ ಮಾತಿದ್ದದ್ದು ಅಷ್ಟಕ್ಕಷ್ಟೆ. ಚಿಕ್ಕಂದಿನಲ್ಲಿ ತಂದೆ ಇಬ್ಬರನ್ನೂ ನಿಲ್ಲಿಸಿ ಪ್ರಾರ್ಥನೆ ಹೇಳಿಸುತ್ತಿದ್ದ. ಚಿಕ್ಕವಳು ನೀರು ಕುಡಿದಂತೆ ಹೇಳುತ್ತಿದ್ದಳು, ದೊಡ್ಡವಳು ತೊದಲಿ ಏಟು ತಿನ್ನುತ್ತಿದ್ದಳು. ಮುಂದೆ ಚಿಕ್ಕವಳು ದೇವರನ್ನೇ ಬಿಟ್ಟಳು. ಇದನ್ನು ಕೇಳಿ ಯಾರೂ ದೊಡ್ಡವಳಿಗಾಗಿ ಮರುಗಬೇಕಾಗಿಲ್ಲ. ಏಟು ತಿಂದ ಮಕ್ಕಳೆಲ್ಲ ಹೀಗಾಗುವುದಿಲ್ಲ.

“ಅಕ್ಕಾ, ಪೂರ್ತಿ ಬೆಲೆ ನನ್ನ ಕೈಲಾಗಲ್ಲ. ಒಪ್ಪಿಸ್ತೀನಿ.”

“ನಂಬಿಕೆ ಬಿಟ್ಟೆ ಅಂತ ಊರಿಗೆಲ್ಲ ಡಂಗುರ ಹೊಡೆದಿದ್ದೆ?”

“ನಂಬಿಕೆ ಬಿಟ್ಟೆ, ಬಾಯಿಪಾಠ ಬಿಡಲಿಲ್ಲ. ಬಲ್ಲವರಿಗೆ ಅಂತ ತಾನೇ ಬೋರ್ಡಲ್ಲಿರೋದು?”

ಒರೆಗಲ್ಲು ಮೊದಲನೇ ಗಾಜು ಏರಿಸಿದಳು. ರಟ್ಟನ್ನು ತಲೆಕೆಳಗು ಮಾಡಿ ತಂಗಿಯ ಕೈಗೆ ಕೊಟ್ಟಳು. ತಂಗಿ ಅದನ್ನು ಎರಡೂ ಕೈಯಲ್ಲಿ ಹಿಡಿದು, ಹುಬ್ಬು ಗಂಟಿಕ್ಕಿ, ಓದುವವಳ ಹಾಗೆ ನಟಿಸುತ್ತ ಹನ್ನೆರಡು ಸಾಲನ್ನೂ ತಪ್ಪಿಲ್ಲದೆ ಹೇಳಿ ಮುಗಿಸಿದಳು. ಕೊನೆಯ ಸಾಲಿಗೆ ಕಣ್ಣನ್ನು ಕೆಳಗೆ ತಂದಳು. ಅಲ್ಲಿದ್ದದ್ದು ಮೊದಲನೆಯ ಸಾಲಿನ ದಪ್ಪಕ್ಷರ, ಅದೂ ತಿರುಗುಮುರುಗಾಗಿ. ಒಳಗಿನ ಮೇಜಿನ ಹಿಂದೆ ಕೂತು ಕಿವಿಗೊಟ್ಟಿದ್ದ ಯಜಮಾನರು, “ಎಷ್ಟು ಸ್ಪಷ್ಟವಾಗಿ ಹೇಳಿದ್ರು ನೋಡಿ!” ಎಂದು ಮೆಚ್ಚಿದರು. ಒರೆಗಲ್ಲು ಕಡಿಮೆ ಪವರನ್ನೇ ಬರೆದುಕೊಂಡು ಕಾಲುಭಾಗ ಕಳೆದು ಬಿಲ್ಲು ಹರಿದಳು. ಸಂಜೆ ಚಪ್ಪಲಿಯವನ ಮುಂದೆ ಇದನ್ನೇ ತಮಾಷೆಯಾಗಿ ಹೇಳಿದಳು. ಅವನು ನಗಲಿಲ್ಲ. ಅವನಿಗೆ ರುಚಿ ಹತ್ತಲಿಲ್ಲವೆಂದು ತಿಳಿದಳು.

ಸೋಮವಾರ ಕಾರ್ಖಾನೆಯಲ್ಲಿ ತಂಗಿಯ ಮುಂದೆ ಒಂದು ತಟ್ಟೆ ಸೀಸೆ ಇಟ್ಟರು. ಕೆಟ್ಟವನ್ನು ಬೇಕೆಂದೇ ಬೆರೆಸಿದ್ದರು. ಹೊಸ ಕನ್ನಡಕ ಏರಿಸಿ ಅವಳು ಎಲ್ಲವನ್ನೂ ಒಳ್ಳೆಯದೆಂದು ಈಚೆಗಿಟ್ಟಳು. ಅಕ್ಕಪಕ್ಕದ ಕುರ್ಚಿಯವರು ಮುಖ ತಿರುಗಿಸಿಕೊಂಡರು. ಮಧ್ಯಾಹ್ನದ ಹೊತ್ತಿಗೆ ಅವಳು ತೊಳೆಯುವ ಕೋಣೆಯಲ್ಲಿದ್ದಳು. ಮತ್ತೆ ಪರೀಕ್ಷೆ ಮೂರು ತಿಂಗಳಿಗೆ.

ಆ ವಾರ ಚಪ್ಪಲಿಯವನು ಅವಳನ್ನು ಬೀದಿಯಲ್ಲಿ ತಡೆದು ವಿಷಯ ತಿಳಿಸಿದ. ಅವಳು ನೆಟ್ಟಗೆ ಅಂಗಡಿಗೆ ಬಂದಳು. ಒದ್ದೆಯಿಂದ ಅವಳ ಬೆರಳ ತುದಿಗಳು ಬೆಳ್ಳಗೆ ಸುಕ್ಕುಗಟ್ಟಿದ್ದವು.

“ರಟ್ಟು ತಲೆಕೆಳಗೆ ಕೊಟ್ಟಿದ್ಯಂತೆ.”

“ನೀನು ನೋಡ್ಕೋಬೇಕಿತ್ತು.”

“ಕಾಣಿಸಿದ್ರೆ ನಿನ್ನ ಅಂಗಡಿಗೆ ಯಾಕೇ ಬರ್ತಿದ್ದೆ?”

ಯಜಮಾನರು ಎದ್ದು ಬಂದರು. ರಟ್ಟಿನ ವಿಷಯ ಅವರ ಕಿವಿಗೆ ಬಿದ್ದರೂ ತಲೆಗೆ ಹೋಗಲಿಲ್ಲ. ಗಿರಾಕಿ ಜಗಳವಾಡುತ್ತಿದ್ದಾಳೆ ಎಂಬುದಷ್ಟೇ ಅವರಿಗೆ ಮುಖ್ಯ. “ಬೇರೆ ಮಾಡಿಸ್ಕೊಳ್ಳಮ್ಮ. ಇನ್ನೊಂದು ಸಲ ಪ್ರಾರ್ಥನೆ ಹೇಳು, ಇನ್ನೊಂದು ಸಲ ರಿಯಾಯಿತಿ,” ಎಂದರು, ದೊಡ್ಡ ಮನಸ್ಸಿನಿಂದ.

ತಂಗಿ ಸ್ಟೂಲು ಹತ್ತಿದಳು. ಅಕ್ಕನ ಕಡೆ ನೋಡದೆ, ಗೋಡೆಗೆ ಹೇಳುವವಳಂತೆ ಮೊದಲನೆಯ ಸಾಲು ಶುರುಮಾಡಿದಳು.

“ನಿಲ್ಸು,” ಎಂದಳು ಒರೆಗಲ್ಲು.

ಯಜಮಾನರು ಓದಿ ಬಿಸಾಡಿದ್ದ ಪತ್ರಿಕೆಯಿಂದ ಮಾರುಕಟ್ಟೆ ದರದ ಹಾಳೆ ಕಿತ್ತು ತಂಗಿಯ ಮುಂದೆ ಹಿಡಿದಳು. “ಇದನ್ನ ಓದು.”

“ಕಾಣಲ್ಲ.”

ಗಾಜು ಬದಲಾಯಿಸಿದಳು. “ಈಗ?”

“ಕಾಣಲ್ಲ ಅಂದ್ನಲ್ಲ.”

ಮತ್ತೆ ಬದಲಾಯಿಸಿದಳು. ಮತ್ತೆ. ಬಾಗಿಲಲ್ಲಿ ಕಾಯುತ್ತಿದ್ದ ಗಿರಾಕಿಗಳು ಗೊಣಗಿದರು. ಕೊನೆಗೆ ತಂಗಿ, “ಸಕ್ಕರೆ ಇಳಿಕೆ… ತಾಮ್ರ ಏರಿಕೆ… ತವರ… ತವರ ಸ್ಥಿರ,” ಎಂದು ಓದಿದಳು. ಓದಿ, ಮುಖವೆತ್ತಿ, ಆ ದಪ್ಪ ಗಾಜಿನೊಳಗಿಂದ ಅಕ್ಕನನ್ನು ದಿಟ್ಟಿಸಿದಳು. “ಎಷ್ಟು ಮುದಿಯಾಗಿದ್ದೀಯೇ,” ಎಂದಳು.

ಯಜಮಾನರು ಗಂಟಲು ಸರಿಮಾಡಿಕೊಂಡರು. “ಪ್ರಾರ್ಥನೆ ಆಗಲಿಲ್ವಲ್ಲ. ರಿಯಾಯಿತಿ ಹೇಗೆ ಕೊಡೋದು?”

“ಪೂರ್ತಿ ಬೆಲೆ ಹಾಕ್ತೀನಿ. ನನ್ನ ಸಂಬಳದಲ್ಲಿ ಹಿಡ್ಕೊಳ್ಳಿ,” ಎಂದಳು ಒರೆಗಲ್ಲು.

“ನಿನ್ನ ದುಡ್ಡಾದ್ರೆ ನೀನೇ ಹೇಳಿಬಿಡಮ್ಮ. ಕೆಲಸದವರಿಗೆ ಬೇಡ ಅಂತ ನಾನು ಯಾವತ್ತಾದ್ರೂ ಅಂದಿದ್ದೀನಾ? ಹನ್ನೆರಡು ಸಾಲು. ಒಂದು ನಿಮಿಷದ ಕೆಲಸ.”

ಬೆಳಿಗ್ಗೆ ಬಾಗಿಲು ತೆಗೆಯುವಾಗ ಆ ಹನ್ನೆರಡು ಸಾಲು ಹೇಳಿಯೇ ಅವಳು ಬೀಗ ಮುಟ್ಟುತ್ತಿದ್ದಳು. ಚಿಕ್ಕಂದಿನ ಹಾಗೆ ಈಗ ತೊದಲುತ್ತಲೂ ಇರಲಿಲ್ಲ. ಅಂಗಡಿಯಲ್ಲಿದ್ದವರೆಲ್ಲ ಕಾದರು. ತಂಗಿಯೂ ಕಾದಳು, ಬಾಯಿ ಸೊಟ್ಟ ಮಾಡಿಕೊಂಡು. ಯಜಮಾನರು ಮರೆತಿರಬೇಕೆಂದುಕೊಂಡು ಮೊದಲ ಪದವನ್ನು ತಾವೇ ಎತ್ತಿಕೊಟ್ಟರು.

ಒರೆಗಲ್ಲು ತುಟಿ ಬಿಗಿದುಕೊಂಡು ಪೆನ್ನಿನ ಮುಚ್ಚಳ ತೆಗೆದಳು. ಪೂರ್ತಿ ಬೆಲೆ ಬರೆದು, ಕೆಳಗೆ ತನ್ನ ಹೆಸರು ಹಾಕಿದಳು.