ಮಾತು ಮುರಿದು ಹೋದ ಸಿಸ್ಟರ್

ಯಾರ ಹೊಟ್ಟೆ ಮುಟ್ಟುವ ಮೊದಲೂ ಅವರು ಅಂಗೈಗಳನ್ನು ಉಜ್ಜಿ ಬೆಚ್ಚಗೆ ಮಾಡಿಕೊಳ್ಳುತ್ತಿದ್ದರು. ವಡೋದರಾದ ಮೇ ತಿಂಗಳ ಸೆಖೆಯಲ್ಲೂ ಈ ಅಭ್ಯಾಸ ತಪ್ಪಿದ್ದಿಲ್ಲ. ಉಗುರು ಒತ್ತಿ ಕತ್ತರಿಸಿದ, ಬಳೆಯಿಲ್ಲದ, ದಪ್ಪ ಮಣಿಕಟ್ಟಿನ ಕೈಗಳು.

ಗದಗಿನ ಕಡೆಯವರು. ವಡೋದರಾದ ಗೋರ್ವಾ ಬಡಾವಣೆಯ ಒಂದು ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ದುಡಿದು ನಿವೃತ್ತರಾಗಿ, ನಮ್ಮ ಎದುರು ಫ್ಲ್ಯಾಟಿನಲ್ಲಿ ಒಬ್ಬರೇ ಇದ್ದರು. ಓಣಿಗೆಲ್ಲ ಸಿಸ್ಟರ್, ಶಿವಮೊಗ್ಗದಿಂದ ಮದುವೆಯಾಗಿ ಬಂದ ನನಗೆ ಅಕ್ಕ. ತಾಯಿಯಿಲ್ಲದ ನಾನು ಬಸುರಿ ಎಂದು ತಿಳಿದ ದಿನ, "ಹೆರಿಗಿ, ಬಾಣಂತನ ಎರಡೂ ನಂದು. ನೀ ಚಿಂತಿ ಬಿಡು" ಎಂದಿದ್ದರು.

ಅಷ್ಟರಲ್ಲಾಗಲೇ ಅವರು ಆಫ್ರಿಕಾಕ್ಕೆ ಸ್ವಯಂಸೇವಕಿಯಾಗಿ ಹೋಗಲು ಅರ್ಜಿ ಹಾಕಿದ್ದರು. ವಿಡಿಯೊ ಸಂದರ್ಶನ ನಡೆದದ್ದು ನನ್ನ ಲ್ಯಾಪ್‌ಟಾಪಿನಲ್ಲೇ. ಈ ವಯಸ್ಸಿನಲ್ಲಿ ಕಷ್ಟವಾಗುವುದಿಲ್ಲವೇ, ಅಲ್ಲಿ ಎಷ್ಟೋ ಸಲ ಕರೆಂಟೂ ಇರುವುದಿಲ್ಲ ಎಂದು ಆ ಕಡೆಯವರು ಇಂಗ್ಲಿಷಿನಲ್ಲಿ ಕೇಳಿದರು. ಅಕ್ಕ ನನ್ನತ್ತ ತಿರುಗಿ, "ಕರೆಂಟ್ ಬರೂತನಾ ತಡಿ ಅಂತ ಕೂಸಿಗೆ ಹೇಳಾಕ ಆಗತದೇನು? ಹಂಗಂತ ಹೇಳವರಿಗೆ" ಎಂದರು. ಹೇಳಿದೆ. ಅವರು ನಕ್ಕರು. ಆಯ್ಕೆಯೇನೋ ಆಯಿತು. ದೇಶ ತಾಂಜಾನಿಯಾ ಎಂಬುದೊಂದು ಖಚಿತ. ಯಾವ ಊರು, ಯಾವಾಗ ಎಂಬ ಸುದ್ದಿಯೇ ಇಲ್ಲ.

ತಿಂಗಳುಗಳು ಉರುಳಿದವು. ಅಕ್ಕ ಸುಮ್ಮನೆ ಕೂತು ಕಾಯುವವರಲ್ಲ. ನಮ್ಮ ಬೀದಿಯ ಕಿರಾಣಿ ಅಂಗಡಿಯ ಮುದುಕರು ಹುಟ್ಟಿ ಬೆಳೆದದ್ದು ಅದೇ ದೇಶದಲ್ಲಿ. ಸಂಜೆ ಅವರ ಅಂಗಡಿ ಮುಂದೆ ಸ್ಟೂಲು ಹಾಕಿಕೊಂಡು ಸ್ವಾಹಿಲಿ ಕಲಿಯತೊಡಗಿದರು. ಮುದುಕರು ನಮಸ್ಕಾರ, ನೀರು ಎಂದು ಶುರುಮಾಡಿದರೆ ಇವರು ತಡೆದು, "ಕಾಕಾ, ಪೆಹಲೇ 'ಜೋರ್ ಲಗಾವೋ' ಸಿಖಾವೋ" ಎಂದರು. ಹೆರುವವಳಿಗೆ 'ಮುಕ್ಕು' ಎನ್ನುವ ಮಾತು ಅವರಿಗೆ ಮೊದಲು ಬೇಕಿತ್ತು. ಮುದುಕರು ನಾಚಿ, ತಕ್ಕಡಿ ನೋಡುತ್ತ "ಸುಕುಮಾ" ಎಂದು ಹೇಳಿಕೊಟ್ಟರು.

ನನಗೆ ಎಂಟು ತುಂಬುವ ಹೊತ್ತಿಗೆ ಇಮೇಲ್ ಬಂತು. ಒಂದು ಹಳ್ಳಿಯ ಆರೋಗ್ಯ ಕೇಂದ್ರ. ಬೇಗ ಹೊರಡಬೇಕು, ಮುಂದಕ್ಕೆ ಹಾಕುವಂತಿಲ್ಲ. ಅಕ್ಕ ನೇರ ನಮ್ಮ ಮನೆಗೆ ಬಂದು ಎದುರು ಕೂತರು.

"ಕೊಟ್ಟ ಮಾತು ಮುರೀತೀನಿ, ತಂಗಿ. ಸಿಟ್ಟು ಬಂದ್ರ ಬೈ. ಆದ್ರ ನಾ ಹೋಗಾಕಿ."

"ನಂಗಿಲ್ಲಿ ಯಾರಿದಾರೆ ಅಕ್ಕ?" ಎಂದು ಅತ್ತೆ.

"ನಿನಗ ಡಾಕ್ಟರ್ ಅದಾರ, ಗಾಡಿ ಅದ, ಗಂಡ ಅದಾನ. ಅಲ್ಲಿ ಬಸುರ್ಯಾರು ಬ್ಯಾನಿ ತಿನಕೋತ ನಡಕೊಂಡ ಬರತಾರಂತ."

ಉಳಿದ ದಿನಗಳಲ್ಲಿ ಅವರು ನನ್ನ ಗಂಡನ ಬೆನ್ನು ಬಿಡಲಿಲ್ಲ. ದಿಂಬನ್ನೇ ಕೂಸು ಮಾಡಿ, ಎರೆಯುವುದು, ಬಟ್ಟೆಯಲ್ಲಿ ಸುತ್ತುವುದು, ಹೆಗಲಿಗೆ ಹಾಕಿ ತೇಗಿಸುವುದು ಕಲಿಸಿದರು. "ಕುತ್ತಿಗಿ ಹಿಡಿಯೋ, ಕುತ್ತಿಗಿ!" ಎಂದು ಗದರುತ್ತಿದ್ದರು. ಅಹಮದಾಬಾದಿನ ವಿಮಾನ ನಿಲ್ದಾಣದಲ್ಲಿ ಜನರ ನಡುವೆಯೇ ನನ್ನ ಹೊಟ್ಟೆ ಮುಟ್ಟಿ, "ತಲಿ ಕೆಳಗ ಇಳದದ, ಛಲೋ ಆತು" ಎಂದವರು ಒಳಗೆ ನಡೆದುಬಿಟ್ಟರು.

ಹೆರಿಗೆ ಅವರ ಹಳೆಯ ವಾರ್ಡಿನಲ್ಲೇ ಆಯಿತು. ನೋವು ತಡೆಯಲಾರದೆ ನಾನು "ಅಕ್ಕಾ" ಎಂದು ಕೂಗಿದಾಗ, ನರ್ಸೊಬ್ಬಳು ಹಣೆ ಒರೆಸುತ್ತ ಹಿಂದಿಯಲ್ಲಿ ಹೇಳಿದಳು, ಸಿಸ್ಟರ್ ಹೊರಡುವ ಮುಂಚೆ ಬಂದು ನಮ್ಮೊಬ್ಬೊಬ್ಬರಿಗೂ ನಿಮ್ಮ ಹೆಸರು ಹೇಳಿ ಹೋಗಿದ್ದಾರೆ ಎಂದು. ಅಲ್ಲಿದ್ದವರೆಲ್ಲ ಅವರಿಂದಲೇ ಕೆಲಸ ಕಲಿತವರು.

ಅವಧಿ ಮುಗಿಸಿ ಅಕ್ಕ ಗದಗಿನ ತಮ್ಮನ ಮನೆ ಸೇರಿದರು. ಕಳೆದ ವರ್ಷ ಅವರು ಹಾಸಿಗೆ ಹಿಡಿದಾಗ ಫೋನಿನಲ್ಲಿ ಕೇಳಿಯೇಬಿಟ್ಟೆ: "ನನ್ನ ಹೆರಿಗೆಗೆ ಇರ್ಲಿಲ್ಲ ಅಂತ ನಿಮಗೆ ಬೇಜಾರಿತ್ತಾ?"

"ಇತ್ತವ್ವಾ. ಭಾಳ ಇತ್ತು. ಆದ್ರೂ ಮತ್ತ ಕರದಿದ್ರ ಮತ್ತ ಹೋಗತಿದ್ದೆ."

ನನಗೆ ಬೇಕಿದ್ದದ್ದೂ ಆ ಉತ್ತರವೇ. ಕೆಲವೇ ದಿನಗಳಲ್ಲಿ ಅವರು ಹೋದ ಸುದ್ದಿ ಬಂತು. ಮಗನನ್ನು ಗಂಡನ ಹತ್ತಿರ ಬಿಟ್ಟು ನಾನೊಬ್ಬಳೇ ಹುಬ್ಬಳ್ಳಿಯ ರೈಲು ಹತ್ತಿದೆ.